ಜ್ವರ ಇಳಿದ ಮೇಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಹಡಗು ಮುಂದಿನ ಬಂದರು ಮುಟ್ಟುವಷ್ಟರಲ್ಲಿ ಈ ಪತ್ರ ಅಲ್ಲಿರಲಿ ಎಂದು ಇವತ್ತೇ ಅಂಚೆಗೆ ಹಾಕಿಸುತ್ತಿದ್ದೇನೆ. ನಡುಸಮುದ್ರದಲ್ಲಿರುವವಳಿಗೆ ಗಾಬರಿ ಯಾಕೆಂದು ಇಷ್ಟು ದಿನ ತಿಳಿಸಲಿಲ್ಲ. ನನಗೆ ಜ್ವರ ಬಂದಿತ್ತು. ಈಗ ಇಳಿದಿದೆ.

ನಗಬೇಡ. ಜೀವಮಾನವಿಡೀ ಸೊಳ್ಳೆ ಸಾಕಿದವಳಿಗೆ ಕಚ್ಚಿದ್ದು ಪ್ರಯೋಗಾಲಯದ ಸೊಳ್ಳೆಯಲ್ಲ, ನಮ್ಮ ಅಡುಗೆಮನೆ ಕಿಟಕಿಯದ್ದು. ಹೂಕುಂಡದ ತಟ್ಟೆಯ ನೀರು ಚೆಲ್ಲಲು ನನಗೆ ಪುರುಸೊತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಎರಡೂ ಸಿಕ್ಕವು. ಒಂದೇ ಸೊಳ್ಳೆಯೊಳಗೆ ಎರಡು ವೈರಸ್ಸು ಒಟ್ಟಿಗೆ ಬಾಳಬಲ್ಲವೇ ಎಂಬುದೇ ನನ್ನ ಕೆಲಸವಾಗಿತ್ತಲ್ಲ. ಬಾಳುತ್ತವೆ. ಸೊಳ್ಳೆಗೆ ಜ್ವರವಿಲ್ಲ, ನರಳಾಟವಿಲ್ಲ. ಸಾಯುವತನಕ ಹೊತ್ತುಕೊಂಡೇ ಹಾರುತ್ತದೆ. ನಾವು ಹಾಗಲ್ಲ.

ಆಸ್ಪತ್ರೆಯಲ್ಲಿ ನರ್ಸು, "ಜೊತೆಗೆ ಯಾರು ಬಂದಿದ್ದಾರೆ?" ಎಂದಳು. "ಬರ್ತಾರೆ" ಎಂದೆ. ಮರುದಿನವೂ ಕೇಳಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು.

ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೊಲಿಗೆಯವಳಿದ್ದಳು. ಅವಳಿಗೆ ಡೆಂಗಿ ಬಂದದ್ದು ಎರಡನೆಯ ಸಲ. ಸುತ್ತ ಗಂಡ, ಅತ್ತೆ, ನಾದಿನಿ; ಕಾಲಿಡಲು ಜಾಗವಿಲ್ಲ. ಅವಳ ಅತ್ತೆ ನನಗೂ ಒಂದು ಲೋಟ ಹಾಲು ಬಗ್ಗಿಸಿ ಕೊಡುತ್ತಿದ್ದರು. ಗೋಡೆಯ ಕಡೆ ತಿರುಗಿ ಕುಡಿಯುತ್ತಿದ್ದೆ.

ಒಂದು ಬೆಳಿಗ್ಗೆ ಅವಳ ಜ್ವರ ಇಳಿಯಿತು. ಮನೆಯವರಿಗೆ ಹೋದ ಜೀವ ಬಂದಂತಾಗಿ ಗಂಟುಮೂಟೆ ಕಟ್ಟತೊಡಗಿದರು. ಅವಳು ಮಾತ್ರ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಹಿಂದೆ ಬಂದುಹೋದ ಡೆಂಗಿಯ ನೆನಪು ರಕ್ತದಲ್ಲಿ ಉಳಿದಿರುತ್ತದೆ. ಬೇರೆ ಬಗೆಯ ಡೆಂಗಿ ಬಂದರೆ ಕೆಲವೊಮ್ಮೆ ಆ ನೆನಪೇ ಅದಕ್ಕೆ ಬಾಗಿಲು ತೆಗೆಯುತ್ತದೆ. ಆಪತ್ತು ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೇ.

"ಈಗ ಕರ್ಕೊಂಡು ಹೋಗ್ಬೇಡಿ" ಎಂದೆ.

"ಜ್ವರಾನೇ ಇಲ್ವಲ್ಲಮ್ಮ" ಎಂದ ಗಂಡ.

"ಅದಕ್ಕೇ ಹೇಳ್ತಿರೋದು."

ಮಂಚಗಳನ್ನು ಹಿಡಿದುಕೊಂಡು ನಡೆದುಹೋಗಿ ವೈದ್ಯರನ್ನು ಕರೆತಂದೆ. ಅವಳ ರಕ್ತದೊತ್ತಡ ಪಾತಾಳಕ್ಕಿಳಿದಿತ್ತು. ಎತ್ತಿಕೊಂಡು ಮೇಲಿನ ಮಹಡಿಗೆ ಓಡಿದರು, ಮನೆಯವರೂ ಹಿಂದೆಯೇ ಓಡಿದರು. ಖಾಲಿ ಹಾಸಿಗೆಯ ಪಕ್ಕ ನಾನೊಬ್ಬಳೇ. ಅವಳ ಹೆಸರೂ ಗೊತ್ತಿರಲಿಲ್ಲ. ಆದರೂ ಕಾಯಲು ಒಬ್ಬರು ಸಿಕ್ಕರಲ್ಲ ಎನ್ನಿಸಿತು. ಬದುಕಿದಳು.

ಮನೆಗೆ ಬಂದು ಬೀಗ ತೆಗೆದರೆ ಮುಗ್ಗಲು ವಾಸನೆ. ಸಿಂಕಿನಲ್ಲಿ ಒಂದು ತಟ್ಟೆ, ಒಂದು ಲೋಟ, ಬಿಟ್ಟುಹೋದ ಹಾಗೆಯೇ.

ಈಗ ಎಲ್ಲ ಮೊದಲಿನಂತಾಗಿದೆ. ಕೆಲಸಕ್ಕೆ ಹೋಗುತ್ತಿದ್ದೇನೆ, ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ. ಹಡಗಿನಲ್ಲಿ ಇನ್ನೊಂದು ವರ್ಷ ಇರಲು ಒಪ್ಪಿಕೊಳ್ಳಲೇ ಎಂದು ಕೇಳಿದ್ದೀ. ಒಪ್ಪಿಕೋ. ನನ್ನ ಚಿಂತೆ ಬಿಡು.

ಇಲ್ಲಿಂದಲೇ ನಿನ್ನ ತಲೆ ನೇವರಿಸುವ,
ಅಮ್ಮ

ತಾ.ಕ.: ಮೇಡಂ, ನಾನು ಆ ಹೊಲಿಗೆಯವಳು. ಅಮ್ಮ ಹೇಳ್ತಾ ಹೋದ್ರು, ಬರೆದದ್ದು ನಾನು. ಅವರಿಗೆ ಜ್ವರ ಬಿಟ್ರೂ ಕೀಲುನೋವು ಬಿಟ್ಟಿಲ್ಲ. ಬೆರಳು ಮಡಚೋಕಾಗಲ್ಲ, ಪೆನ್ನು ಕೈಯಲ್ಲಿ ನಿಲ್ಲಲ್ಲ. ಕೆಲಸಕ್ಕೆ ಹೋಗ್ತಿಲ್ಲ. ದಿನಾ ಬಂದು ತಲೆ ಬಾಚೋದು, ಅನ್ನ ಕಲಸಿಕೊಡೋದು ನಾನೇ. ಲಕೋಟೆ ಅಂಟಿಸೋದೂ ನಾನೇ, ಅದಕ್ಕೇ ಧೈರ್ಯ ಮಾಡಿ ಇಷ್ಟು ಬರೆದೆ. "ಒಪ್ಪಿಕೋ" ಅನ್ನೋ ಮಾತಿಗೆ ಮುಂಚೆ ಮಸಿ ಬಳಿದಿದೆ ನೋಡಿ. ಅಲ್ಲಿ ಮೊದಲು "ಬಾ" ಅಂತ ಬರೆಸಿದ್ರು.