ಮನೆದೇವರ ಮೊದಲ ಕಳಶ

ಫೆಬ್ರವರಿ 4, ಭಾನುವಾರ

ಬಟ್ಟೆ ಒಗೆದಾಯಿತು. ಅರ್ಧ ಲೋಟ ಅಕ್ಕಿ ಇಟ್ಟೆ. ಎಷ್ಟು ಕಡಿಮೆ ಮಾಡಿದರೂ ಉಳಿಯುತ್ತದೆ. ಕೆಲಸದ ಲ್ಯಾಬ್‌ಗೆ ರಜೆ — ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡಿಲ್ಲ.

ಬೆಟ್ಟದ ನೆರಳು ಕಿಟಕಿಗೆ ಬರುವ ಹೊತ್ತಿಗೆ ಫೋನ್. ಅನಿಲ್ ತಾಯಿ, ಅಶ್ವತ್ಥಮ್ಮ. ಅತ್ತೆ ಎಂದೇ ಬರೆಯಬೇಕೇನೋ. ಗಂಡನ ಮನೆಯಲ್ಲಿ ಜಗಳವಾಡಿ ಮಧುಗಿರಿಗೆ ಬಂದು ಎರಡು ವರ್ಷ. ಕರೆಯಲು ಯಾರಾದರೂ ಬರುತ್ತಾರೆಂದು ಕಾದೆ. ಫೋನೂ ಬಂದಿರಲಿಲ್ಲ.

"ಒಂದಿನದ ಮಟ್ಟಿಗೆ ಬಂದ್ಬುಟ್ಟು ಹೋಗಮ್ಮ ಯಶೋದಾ. ಮನೆದೇವ್ರು ರಂಗಪ್ಪನ ಗುಡಿ ರಿಪೇರಿ ಆಗೈತೆ. ಮೊದಲ್ನೇ ಕಳಶ ನಮ್ಮನೆಯೋರೇ ಹುಯ್ಯಬೇಕು. ಒಂಟಿ ಗಂಡಸು ಕೂರಂಗಿಲ್ಲ ಅಂತವ್ರೆ ಪೂಜೆ ಅಯ್ನೋರು."

ಮಾವ ಹೋದ ಮೇಲೆ ಆ ಹಕ್ಕು ಅನಿಲ್‌ದು. ಜೊತೆಗೆ ಹೆಂಡತಿ ಬೇಕು... ನಾನೇ ಆಗಬೇಕು.

ಬರುತ್ತೇನೆ ಎಂದೆ. ಯಾಕೆ ಅಷ್ಟು ಬೇಗ ಒಪ್ಪಿದೆನೋ.

ಫೆಬ್ರವರಿ 8, ಗುರುವಾರ

ಧಾರೆ ಸೀರೆ ಬಿಸಿಲಿಗೆ ಹಾಕಿದ್ದೆ. ರೂಮಿನ ಓನರ್ ಮುನಿಯಮ್ಮ ನೋಡಿದರು. ವಿಷಯ ಹೇಳಿದೆ.

"ವಾಪಸ್ ಮನೆಗೆ ಸೇರಿಸ್ಕೊಳ್ಳಕ್ಕೇ ಕರ್ದಿರ್ಬೇಕು ಕಣಮ್ಮ. ದೇವ್ರು ಬರೀ ನೆಪ."

ಇರಬಹುದಾ? ಆ ಮನೆಗೆ ಬಂದ ಸೊಸೆ ಮೊದಲು ರಂಗಪ್ಪನ ಮುಂದೆ ನಿಲ್ಲಬೇಕು. ಆಮೇಲೇ ಮನೆ ಹೊಸಿಲು. ಮದುವೆಯಾದ ದಿನ ನಾನೂ ನಿಂತಿದ್ದೆ. ಕರ್ಪೂರದ ಬೆಳಕಲ್ಲಿ ಕಲ್ಲಿನ ಮುಖ ನಕ್ಕಹಾಗೆ ಕಂಡಿತ್ತು.

ಬ್ಯಾಗಿಗೆ ಇನ್ನೆರಡು ಜೊತೆ ಬಟ್ಟೆ ಹಾಕಿಕೊಂಡೆ. ಒಂದು ದಿನಕ್ಕೆ ಇಷ್ಟು ಬೇಡ. ಗೊತ್ತು.

ಫೆಬ್ರವರಿ 16, ಶುಕ್ರವಾರ — ಸಂಜೆ, ಶಿರಾ ಬಸ್ ಸ್ಟ್ಯಾಂಡ್

ಮಧುಗಿರಿ ಬಸ್ ಇನ್ನೂ ಬಂದಿಲ್ಲ. ಬರೆದುಬಿಡುತ್ತೇನೆ.

ಬೆಳಿಗ್ಗೆ ಬುಕ್ಕಾಪಟ್ಟಣದಲ್ಲಿ ಬಸ್ ಇಳಿದೆ. ಅನಿಲ್ ಬೈಕ್ ತಂದಿದ್ದ. ಸಣ್ಣಗಾಗಿದ್ದಾನೆ. ಗುಡಿ ಗುರುತೇ ಸಿಗಲಿಲ್ಲ — ಕಂಬಗಳ ಸುಣ್ಣವನ್ನೆಲ್ಲ ಕೆರೆದಿದ್ದಾರೆ. ಒಳಗಿಂದ ಹನುಮಂತ, ಹಂಸ, ಬಳ್ಳಿ... ಇಷ್ಟು ಕಾಲ ಸುಣ್ಣದ ಕೆಳಗೇ ಇದ್ದವು.

ಅಯ್ನೋರು ನನ್ನ ಸೆರಗಿಗೂ ಅವನ ಶಲ್ಯಕ್ಕೂ ಗಂಟು ಹಾಕಿದರು. ನನ್ನ ನಕ್ಷತ್ರ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅನಿಲ್ ಹೇಳಿದ. "ಉತ್ತರೆ."

ಇಬ್ಬರೂ ಕಳಶ ಹಿಡಿದು ಸುರಿದೆವು. ಅವನ ಬೆರಳು ನನ್ನ ಬೆರಳ ಮೇಲೆ. ನೀರು ಕಲ್ಲಿನ ಮೈಮೇಲೆ ಇಳಿಯಿತು. ಅಳು ಬಂತು. ಎಲ್ಲರೂ ಭಕ್ತಿ ಎಂದುಕೊಂಡರು.

"ಗಂಟು ಇಲ್ಲಿ ಬಿಚ್ಚಬೇಡಿ. ಮನೆಗೆ ಹೋಗಿ, ದೀಪಕ್ಕೆ ಕೈ ಮುಗಿದು ಬಿಚ್ಚಿ," ಎಂದರು ಅಯ್ನೋರು.

ಹಾಗೇ ನಡೆದೆವು. ಜೋರಾಗಿ ಹೆಜ್ಜೆ ಹಾಕುತ್ತಿದ್ದವನು ಸೆರಗು ಎಳೆದಾಗ ನಿಧಾನ ಮಾಡಿದ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಆರತಿ ಇಲ್ಲ.

"ಇಲ್ಲೇ ಬಿಚ್ಬುಡ್ರಿ. ಊಟ ಗುಡಿತಾವೇ ಐತಲ್ಲ. ಒಳೀಕೆ ಕರ್ಕೊಂಡ್ರೆ ನಾಳೆ ಜನ ಏನಂತಾರೆ? ಹಿರೀಕರ ಮುಂದೆ ಮಾತುಕತೆ ಇನ್ನೂ ಆಗಿಲ್ಲ."

ಅನಿಲ್ ಕಡೆ ನೋಡಿದೆ. "ನೀವು ಹೇಳಿ."

ಅವನು ಚಪ್ಪಲಿ ನೋಡುತ್ತಾ ನಿಂತ.

ನಾನೇ ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಬೇಕಾಯಿತು. ಅತ್ತೆ ಮುಖ ತಿರುಗಿಸಿದರು — ಅವರಿಗೂ ನೋಡಲಾಗಲಿಲ್ಲ. ಊಟಕ್ಕೆ ನಿಲ್ಲಲಿಲ್ಲ. ಆಟೋ ಸಿಗುವವರೆಗೆ ನಡೆದೆ.

ಫೆಬ್ರವರಿ 19, ಸೋಮವಾರ

ಲ್ಯಾಬ್. ಡೆಂಗ್ಯೂ ಟೆಸ್ಟ್‌ಗಳೇ ಜಾಸ್ತಿ. ಮುನಿಯಮ್ಮ ಬಾಗಿಲ ಹತ್ತಿರ ಸಾರು ಇಟ್ಟು ಹೋಗಿದ್ದರು.

ಫೆಬ್ರವರಿ 25, ಭಾನುವಾರ — ಸಂಜೆ

ಅನಿಲ್ ಫೋನ್.

"ಅವತ್ತು ನಾನು ಮಾತಾಡ್ಬೇಕಾಗಿತ್ತು."

"ಹೌದು."

ಅವನ ಹಿಂದೆ ಕಂಡಕ್ಟರ್ ಕೂಗು ಕೇಳಿಸಿತು — ಪಾವಗಡ, ಪಾವಗಡ...

"ಎಲ್ಲಿದೀರ?"

"ಮಧುಗಿರಿ ಬಸ್ ಸ್ಟ್ಯಾಂಡಲ್ಲಿ. ಮಧ್ಯಾಹ್ನವೇ ಬಂದೆ. ನಿನ್ ರೂಮ್ ಎಲ್ಲಿ ಅಂತ ಗೊತ್ತಿಲ್ಲ."

"ಅಮ್ಮ ಕಳಿಸಿದ್ರಾ?"

"ಇಲ್ಲ. ಅಮ್ಮಂಗೆ ಹೇಳಿಲ್ಲ... ಅಲ್ಲ, ಹೇಳೇ ಬಂದೆ. ಸಿಟ್ಟಿಗೆ ಊಟ ಬಿಟ್ಟವ್ರೆ. ಬೇಡ ಅಂದ್ರೆ ವಾಪಸ್ ಹೋಗ್ತೀನಿ ಯಶೋದಾ."

ರೂಮಿಗೆ ಬರಬೇಡಿ ಎಂದೆ. ಕ್ಯಾಂಟೀನಲ್ಲಿ ಕೂತಿರಿ, ನಾನೇ ಬರ್ತೀನಿ.

ಹಳೇ ಕಾಟನ್ ಸೀರೆಯಲ್ಲೇ ಹೋಗುತ್ತೇನೆ. ಹೇಳಬೇಕಾದ್ದನ್ನೆಲ್ಲ ಬರೆದುಕೊಳ್ಳೋಣ ಎಂದು ಕೂತೆ, ಎದುರು ಕೂತಾಗ ಮರೆತುಹೋಗುತ್ತದೆ. ಮೊದಲನೆಯದು, ಆ ಬಾಗಿಲಲ್ಲಿ ನಾನು ನಿಮ್ಮ ಮುಖ ನೋಡಿದಾಗ ನೀವು ಚಪ್ಪಲಿ ನೋಡಿದಿರಿ.