ಚಕ್ರದ ಮೇಲಿನ ಭಾರ

ಕೊನೆಗೂ ಬಾಲ ಅಲ್ಲಾಡಿಸಿಯೇ ಬಿಟ್ಟಿತು ಕಣೋ ಉದಯ, ಕಾರಿನ ಹಿಂದೆ ಕಟ್ಟಿ ಎಳೆಯುವ ಆ ಮನೆಗಾಡಿ, ಆ ಕ್ಯಾರವಾನ್. ಲಂಡನ್ನಿಗೆ ಬಂದ ಹೊಸದರಲ್ಲಿ ಇಬ್ಬರೂ ಪಾರ್ಕ್ ರಾಯಲ್‌ನಲ್ಲಿ ವ್ಯಾನ್ ಓಡಿಸುವಾಗ, ಇಂಥದ್ದೊಂದು ತಗೊಂಡು ಹೆಂಡತಿಯರನ್ನೂ ಕರೆದುಕೊಂಡು ನಾಲ್ವರೂ ಸುತ್ತೋಣ ಅಂತಿದ್ದೆವಲ್ಲ, ಅದನ್ನು ನಾನೊಬ್ಬನೇ ತಗೊಂಡೆ. ಇವತ್ತು ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಕಾರಿನ ಹಿಂದೆ ಕುಡುಕನ ಹಾಗೆ ತೂರಾಡಿತು.

"ರೀ, ನಿಲ್ಸ್ರೀ!" ಅಂತ ಕೃಷ್ಣವೇಣಿ ಕಿರುಚಿದಳು.

ಗ್ರೈಂಡರ್, ಅಕ್ಕಿ ಮೂಟೆ ಎಲ್ಲ ತೀರಾ ಹಿಂದೆ ಪೇರಿಸಿದ್ದೆ. ಭಾರ ಚಕ್ರದ ಮೇಲಿರಬೇಕು ಅಂತ ನೀನು ಸಾವಿರ ಸಲ ಬೊಗಳಿದ್ದೆ. ಅದಕ್ಕೇ ಬೇಕಂತಲೇ ಹಿಂದೆ ಇಟ್ಟೆ! ನಿನ್ನ ಬುದ್ಧಿವಾದ ಯಾರಿಗೆ ಬೇಕು? ಕ್ಯಾನರಿ ವಾರ್ಫ್‌ನ ದೊಡ್ಡ ಆಫೀಸಿನಲ್ಲಿ ಕುರ್ಚಿ ಸಿಕ್ಕಿದ್ದೇ ತಡ, ನಿನ್ನ ಮಗಳ ಮದುವೆಯಲ್ಲಿ ಟೈ ಕಟ್ಟಿದವರಿಗೆಲ್ಲ ನನ್ನನ್ನು "ನಮ್ಮ ಡ್ರೈವರ್" ಅಂತ ತೋರಿಸಿದವನು ನೀನು. ನಾನೂ ಹಲ್ಲು ಕಿರಿದು ಅವರ ಕಾರಿನ ಬಾಗಿಲು ತೆಗೆದೆ. ಥೂ! ನಿನ್ನ ಟೈಗಿಂತ ಈ ಕ್ಯಾರವಾನಿನ ಪರದೆಗೇ ಹೆಚ್ಚು ಮರ್ಯಾದೆ ಇದೆ.

ಪಕ್ಕಕ್ಕೆ ನಿಲ್ಲಿಸಿ, ಗ್ರೈಂಡರ್ ಎತ್ತಿ ಚಕ್ರದ ಮೇಲಕ್ಕೆ ತಂದಿಟ್ಟೆ. ಆಮೇಲೆ ಚಿಂಗ್‌ಫರ್ಡ್ ಕ್ಯಾಂಪ್‌ಸೈಟ್ ತನಕ ಹೊಸ ಅಳಿಯನ ಹಾಗೆ ನೆಟ್ಟಗೆ ಬಂತು. ಅಲ್ಲಾಡದ ಹಾಗೆ ಅದರ ನಾಲ್ಕೂ ಮೂಲೆಯ ಊರುಗಾಲು ಇಳಿಸಿ ನಿಲ್ಲಿಸಿದ್ದೇನೆ. ಈ ಕಾಗದವನ್ನಂತೂ ನಿನಗೆ ಕಳಿಸುವುದಿಲ್ಲ. ಓದಿ ಮೀಸೆ ತಿರುವುತ್ತೀಯ.

ಒಳಗಿನಿಂದ ಇವಳು ಕೂಗುತ್ತಿದ್ದಾಳೆ: "ಬನ್ರೀ, ಸಾರು ಆರ್ತಿದೆ! ಅಲ್ಲಾ, ನಾವಿಬ್ರೇ ಇರೋದು, ನಾಲ್ಕು ತಟ್ಟೆ ಯಾಕ್ರೀ ತಂದ್ರಿ?"