ಬೂದನಿಗೊಂದು ಜೊತೆ

ಕಂದಿಕೆರೆ
ಶುಕ್ರವಾರ, 12-7-2024

ಇಂಪನಾ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮೇಲೆ ಪ್ರೀತಿಯಿದೆ, ನಿಮ್ಮಪ್ಪನ ಮೇಲೆ ಸಿಟ್ಟಿದೆ. ಎರಡನ್ನೂ ಒಂದೇ ಕಾಗದದಲ್ಲಿ ಬರೆಯುತ್ತಿದ್ದೇನೆ, ತಡೆದುಕೋ. ಫೋನ್ ಮಾಡೋಣವೆಂದರೆ ನಿಮ್ಮತ್ತೆ ಸ್ಪೀಕರ್ ಹಾಕಿಸುತ್ತಾರೆ. ನಮ್ಮೂರಿನ ಜಗಳ ಹಾಲ್ಕುರಿಕೆಗೆಲ್ಲ ಕೇಳಿಸುವುದು ಬೇಡ.

ನಿಮ್ಮಪ್ಪ ಎತ್ತು ಮಾರಿದರು. ನಿನಗೆ ಹೇಳಿರಲಾರರು. ನಾವಿಬ್ಬರೂ ಲಂಗ ಹಾಕುತ್ತಿದ್ದ ಕಾಲದಿಂದ ನಿಮ್ಮ ಮನೆಯಲ್ಲೊಂದು ಎತ್ತು, ನಮ್ಮ ಮನೆಯಲ್ಲೊಂದು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಒಂದು ದಿನ ನಿಮ್ಮ ಹೊಲ, ಮರುದಿನ ನಮ್ಮ ಹೊಲ ಉಳುತ್ತಿದ್ದರು. ಈಗ ನಿಮ್ಮ ಹೊಲದಲ್ಲಿ ಅಡಿಕೆ ಸಸಿ ನಿಂತಿವೆ. ಕೊಟ್ಟಿಗೆಗೆ ಎಚ್.ಎಫ್. ಸೀಮೆಹಸು ಬಂದಿದೆ. ಡೈರಿಗೆ ಹಾಲು ಹಾಕಿ ಬರುವಾಗ ನಿಮ್ಮಪ್ಪನ ನಡಿಗೆಯೇ ಬೇರೆ!

ನಾನು ಸುಮ್ಮನಿರಲಿಲ್ಲ. ರಾಗಿ ಬೇಸಾಯದ ನನ್ನ ಕಿರುಪುಸ್ತಕ ಹಿಡಿದು ನಿಮ್ಮ ಅಂಗಳದಲ್ಲೇ ನಿಂತು ಓದಿದೆ. ರಾಗಿ ಬಿಟ್ಟ ಊರು ತನ್ನ ಮುದ್ದೆಗೆ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ ಎಂಬ ಪುಟವನ್ನು ಎರಡು ಸಲ ಓದಿದೆ. ನಿಮ್ಮಪ್ಪ ಹಲ್ಲುಜ್ಜುತ್ತಲೇ ಕೇಳಿಸಿಕೊಂಡು, ನಿನ್ನ ಪುಸ್ತಕ ನೊಗ ಎಳೀತದೇನವ್ವಾ, ಎಳೆಯೋದಾದ್ರೆ ನಾನೂ ಒಂದು ತತ್ತೀನಿ ಬುಡು ಅಂದರು. ನಿಮ್ಮಮ್ಮ ನಕ್ಕು ಕಾಫಿ ಕೊಟ್ಟರು. ಹೊಸ ಹಸುವಿನ ಹಾಲಿನದು. ಕುಡಿಯದೆ ಬಂದೆ.

ನಮ್ಮ ಹೊಲಕ್ಕೆ ಟ್ರಾಕ್ಟರ್ ಬರುವಂತಿಲ್ಲ. ಗಾಡಿದಾರಿಯನ್ನೂ ಬಿಡದೆ ಎಲ್ಲರೂ ಸಸಿ ನೆಟ್ಟು, ಕಾಲುದಾರಿಯಷ್ಟೇ ಉಳಿಸಿದ್ದಾರೆ. ಎತ್ತುಗಳಾದರೆ ನುಸುಳಿಕೊಂಡು ಹೋಗುತ್ತವೆ. ಪುಷ್ಯ ಮಳೆಯೊಳಗೆ ಉತ್ತು ಬಿತ್ತದಿದ್ದರೆ ಈ ವರ್ಷ ನಮಗೆ ರಾಗಿಯಿಲ್ಲ, ನಮ್ಮೆತ್ತು ಬೂದನಿಗೆ ಹುಲ್ಲಿಲ್ಲ. ಅಪ್ಪ ಆಗಲೇ ಶುರುಮಾಡಿದ್ದಾನೆ, ಒಂಟಿ ಎತ್ತು ಕಟ್ಕೊಂಡು ಮಂಗಳಾರತಿ ಎತ್ಲೇನೇ ಅಂತ.

ಮೊನ್ನೆ ಚಿಕ್ಕರಂಗಯ್ಯನವರ ಎತ್ತನ್ನು ಕೇಳಿ ತಂದು, ಅಪ್ಪ ಬೇಡವೆಂದರೂ ನಾನೇ ಹಟ ಹಿಡಿದು ಕಟ್ಟಿಸಿದೆ. ನಮ್ಮ ಬೂದ ಎಡಗಡೆಗೆ ಪಳಗಿದವನು. ಅದೂ ಎಡಗಡೆಯದೇ. ಎರಡೂ ಒಂದೇ ಜಾಗಕ್ಕೆ ನುಗ್ಗಿ, ನೊಗ ತಿರುಚಿ, ನೇಗಿಲು ಹೋಗಿ ಬದುವಿಗೆ ಬಿತ್ತು. ಪುಸ್ತಕದಲ್ಲಿ ಇದನ್ನು ಬರೆದಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಬೋರಮ್ಮಜ್ಜಿ, ಬಲಗಡೆಗೆ ನೀನೇ ಕಟ್ಕೋ ಕಣೇ ಭವ್ಯಾ, ಹೆಂಗೂ ಮದುವೆ ಒಲ್ಲೆ ಅಂತೀಯ ಅಂದಳು. ಬೂದನ ಹೆಗಲು ಸ್ವಲ್ಪ ತರಚಿದೆ, ಅಷ್ಟೇ. ಚೆನ್ನಾಗಿ ಮೇಯುತ್ತಿದ್ದಾನೆ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮಾವನವರ ಕೊಟ್ಟಿಗೆಯಲ್ಲಿ ಒಂದು ಎತ್ತಿದೆಯೆಂದು ಹೋದ ಗೌರಿ ಹಬ್ಬಕ್ಕೆ ಬಂದಾಗ ನೀನೇ ಹೇಳಿದ್ದೆ. ಅದು ಬಲಗಡೆಯದಾ? ಬಿತ್ತನೆ ಮುಗಿಯುವ ತನಕ ಕೊಡಿಸು. ಹಾಲ್ಕುರಿಕೆಯಿಂದ ನಡೆಸಿಕೊಂಡೇ ಬರುತ್ತೇನೆ, ನಡೆಸಿಕೊಂಡೇ ತಂದು ಬಿಡುತ್ತೇನೆ. ಸುತ್ತ ಅಡಿಕೆಯೇ ಆಗಿರುವ ಕಡೆ ಒಂದು ಹೊಲದಲ್ಲಾದರೂ ರಾಗಿ ತೆನೆ ತೂಗಿದರೆ ಊರು ನಿಂತು ನೋಡುತ್ತದೆ. ನೋಡಿದವರಲ್ಲಿ ಒಬ್ಬರಾದರೂ ಮುಂದಿನ ವರ್ಷ ಬಿತ್ತುತ್ತಾರೆ. ನಗಬೇಡ ಇಂಪನಾ, ನಾನಿದನ್ನು ನಂಬಿದ್ದೇನೆ.

ನಿಮ್ಮ ಮಾವನವರ ಮನಸ್ಸು ತಿಳಿದು ತಡಮಾಡದೆ ಬರೆ.

ನಿನ್ನ ಜಗಳಗಂಟಿ,
ಭವ್ಯಶ್ರೀ

ತಾ.ಕ. ಭಾನುವಾರ. ಇನ್ನು ಎತ್ತು ಕೇಳಬೇಡ. ಕಾಗದವನ್ನು ಡಬ್ಬಿಗೆ ಹಾಕುವ ಮೊದಲೇ ಅಪ್ಪ ಕರೆಸಿದ ದನದ ವ್ಯಾಪಾರಿ ಬಂದ. ಬೂದ ಮೇಯುತ್ತಿದ್ದಾನೆಂದು ಬರೆದದ್ದು ಸುಳ್ಳು. ಹೆಗಲು ಕೀವಾಗಿತ್ತು, ಹುಲ್ಲು ಮುಟ್ಟುತ್ತಿರಲಿಲ್ಲ. ನಾನು ಅಡ್ಡ ನಿಲ್ಲಬೇಕೆಂದೇ ಹೊರಗೆ ಬಂದೆ. ಬೂದ ಟೆಂಪೋ ಹತ್ತಲಿಲ್ಲ. ವ್ಯಾಪಾರಿ ಬಾಲ ತಿರುಚಿದ. ಅಪ್ಪ ಅಳುತ್ತಲೇ ಬಾರುಕೋಲಿನಲ್ಲಿ ಹೊಡೆಯುತ್ತಿದ್ದ, ಆ ಹೆಗಲ ಮೇಲೇ ಬೀಳುತ್ತಿತ್ತು. ನನಗೆ ನೋಡಲಾಗಲಿಲ್ಲ. ಹಗ್ಗ ಕಿತ್ತುಕೊಂಡು, ನಾನೇ ಮುಂದೆ ಹತ್ತಿ, ಬಾರೋ ಅಂದೆ. ನನ್ನ ಹಿಂದೆಯೇ ಹತ್ತಿಬಿಟ್ಟ ಕಣೇ.